ನಾವಿಲ್ಲದಾಗ ಮನೆಗೆ ಬರುವವರಿಗಾಗಿ ಹಾಕಿಸಿದ ಡಿಜಿಟಲ್ ಲಾಕ್: ಮೂರು ವರ್ಷದ ಅನುಭವ

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ನಾನು ಬ್ಯಾಂಕಿನಲ್ಲಿ ಕೌಂಟರ್ ಕೆಲಸದಲ್ಲಿದ್ದೇನೆ. ಯಜಮಾನರು ವಾರವೆಲ್ಲ ಬೆಂಗಳೂರಿನಲ್ಲಿರುತ್ತಾರೆ, ಶುಕ್ರವಾರ ರಾತ್ರಿ ರೈಲಿಗೆ ಬರುತ್ತಾರೆ. ಹಗಲು ಹೊತ್ತು ಮನೆಗೆ ಬೀಗ. ಆದರೆ ಪ್ಲಂಬರ್, ಎಲೆಕ್ಟ್ರಿಷಿಯನ್, ನೀರಿನ ಫಿಲ್ಟರ್ ಸರ್ವೀಸಿನವರು ಎಲ್ಲರೂ ಬರುವುದು ಹಗಲು ಹೊತ್ತಲ್ಲೇ ಅಲ್ವಾ. ಒಂದು ನಲ್ಲಿ ಸೋರಿದರೂ ನಾನು ಅರ್ಧ ದಿನ ರಜೆ ಹಾಕಬೇಕಾಗುತ್ತಿತ್ತು.

ಮೊದಲ ಒಂಬತ್ತು ವರ್ಷ ಈ ಕಷ್ಟ ನಮಗೆ ಗೊತ್ತೇ ಇರಲಿಲ್ಲ. ಎದುರು ಮನೆ ಅಜ್ಜಿಯ ಹತ್ತಿರ ನಮ್ಮ ಮನೆಯ ಒಂದು ಬೀಗದ ಕೈ ಇರುತ್ತಿತ್ತು. ಯಾರಾದರೂ ಕೆಲಸಕ್ಕೆ ಬಂದರೆ ಅವರೇ ಬಾಗಿಲು ತೆಗೆಯುತ್ತಿದ್ದರು. ಕೆಲಸ ಮುಗಿಯುವವರೆಗೂ ನಮ್ಮ ಹಾಲಿನಲ್ಲೇ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಬಂದವರಿಗೆ ಒಂದು ಲೋಟ ಮಜ್ಜಿಗೆಯೂ ಸಿಗುತ್ತಿತ್ತು. 2022ರಲ್ಲಿ ಅಜ್ಜಿ ಹಾಸನಕ್ಕೆ, ಮಗಳ ಮನೆಗೆ ಹೋದರು. ಆಮೇಲೆ ಎರಡು ತಿಂಗಳು ಬೀಗದ ಕೈಯನ್ನು ಚಪ್ಪಲಿ ಸ್ಟ್ಯಾಂಡಿನ ಒಳಗೆ ಇಟ್ಟು, ಬಂದವರಿಗೆ ಫೋನಿನಲ್ಲಿ ಜಾಗ ಹೇಳುತ್ತಿದ್ದೆ. ಆ ಎರಡು ತಿಂಗಳು ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೀಗದ ಕೈಯನ್ನು ಯಾವ ಅಂಗಡಿಯಲ್ಲಾದರೂ ಹತ್ತು ನಿಮಿಷದಲ್ಲಿ ನಕಲು ಮಾಡಿಸಬಹುದು. ವಾಪಸ್ ಬಂದ ಕೈಯನ್ನು ನೋಡಿದರೆ ಅದು ಯಾರ ಯಾರ ಕೈ ದಾಟಿ ಬಂತು ಅಂತ ತಿಳಿಯುವುದಿಲ್ಲ.

ಹಾಗಾಗಿ ಡಿಜಿಟಲ್ ಲಾಕ್ ಹಾಕಿಸಿದೆವು. ಫಿಟ್ಟಿಂಗ್ ಸೇರಿ ಸುಮಾರು 16 ಸಾವಿರ ರೂಪಾಯಿ ಆಯಿತು. ಬೆರಳಚ್ಚು, ನಂಬರ್, ಕಾರ್ಡ್, ಮಾಮೂಲಿ ಬೀಗದ ಕೈ, ನಾಲ್ಕು ರೀತಿಯಲ್ಲೂ ತೆರೆಯುತ್ತದೆ. ಫೋನಿನಲ್ಲಿ ಒಂದು ಆ್ಯಪ್ ಇದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಈ ಬೆಲೆಯ ಲಾಕುಗಳು ಹೆಚ್ಚು ಕಡಿಮೆ ಹೀಗೇ ಇರುತ್ತವೆ, ಮತ್ತು ನಾನು ಹೇಳಬೇಕಾಗಿರುವುದು ಬ್ರ್ಯಾಂಡಿನ ಬಗ್ಗೆ ಅಲ್ಲ.

ಮೊದಲು ಫಿಟ್ಟಿಂಗ್ ವಿಷಯ. ನಮ್ಮದು ಹಳೆಯ ಮರದ ಬಾಗಿಲು. ಕಂಪನಿಯಿಂದ ಬಂದ ಹುಡುಗ ಒಂದೂವರೆ ಗಂಟೆಯಲ್ಲಿ ಕೊರೆದು ಕೂರಿಸಿ ಹೋದ. ಬೇಸಿಗೆಯಲ್ಲಿ ಎಲ್ಲ ಚೆನ್ನಾಗಿತ್ತು. ಜುಲೈ ಮಳೆಗೆ ಮರ ಉಬ್ಬಿತು. ಬೋಲ್ಟ್ ಚೌಕಟ್ಟಿನ ತೂತಿಗೆ ಸರಿಯಾಗಿ ಕೂರುತ್ತಿರಲಿಲ್ಲ, ಮೋಟಾರು ತಳ್ಳಿ ತಳ್ಳಿ ಕೀ ಕೀ ಅಂತ ಶಬ್ದ ಮಾಡುತ್ತಿತ್ತು. ಆಗ ಬ್ಯಾಟರಿಯೂ ಬೇಗ ಮುಗಿಯುತ್ತದೆ. ನಮ್ಮ ಬೀದಿಯ ಮರಗೆಲಸದ ಆಚಾರ್ರು ಬಂದು ಬಾಗಿಲ ಅಂಚನ್ನು ಸ್ವಲ್ಪ ಕೆತ್ತಿ, ತೂತನ್ನು ಎರಡು ಮಿಲಿಮೀಟರ್ ದೊಡ್ಡದು ಮಾಡಿದ ಮೇಲೆ ಸರಿಹೋಯಿತು. ಮರದ ಬಾಗಿಲು ಇರುವವರು ಮಳೆಗಾಲ ಕಳೆಯುವ ತನಕ ಲಾಕ್ ಚೆನ್ನಾಗಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡಬೇಡಿ.

ಈಗ ಮುಖ್ಯ ಮಾತು, ಹೊರಗಿನವರಿಗೆ ಕೊಡುವ ನಂಬರ್. ಆ್ಯಪಿನಲ್ಲಿ ಒಂದು ಸಲಕ್ಕೆ ಮಾತ್ರ ನಡೆಯುವ ನಂಬರ್ ಮಾಡಬಹುದು. ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಅಂತ ಸಮಯ ಕಟ್ಟಿದ ನಂಬರನ್ನೂ ಮಾಡಬಹುದು. ಅಂಗಡಿಯಲ್ಲಿ ಎಲ್ಲರೂ ಒಂದು ಸಲದ ನಂಬರೇ ಸೇಫ್ ಅನ್ನುತ್ತಾರೆ. ನಾನೂ ಅದನ್ನೇ ಕೊಡುತ್ತಿದ್ದೆ. ಒಂದು ದಿನ ಪ್ಲಂಬರ್ ಅಡುಗೆಮನೆಯ ಪೈಪ್ ಬಿಚ್ಚಿ, ಟ್ಯಾಂಕಿನ ವಾಲ್ವ್ ಮುಚ್ಚೋಕೆ ಮಹಡಿಗೆ ಹೋದರು. ಗಾಳಿಗೆ ಬಾಗಿಲು ಹಾಕಿಕೊಂಡು ತಾನೇ ಲಾಕ್ ಆಯಿತು. ಒಂದು ಸಲದ ನಂಬರ್ ಆಗಲೇ ಮುಗಿದಿತ್ತು. ಪೈಪಿನಲ್ಲಿ ಉಳಿದಿದ್ದ ನೀರು ಒಳಗೆ ಸುರಿಯುತ್ತಿದೆ, ಅವರು ಹೊರಗೆ. ನಾನು ಕೌಂಟರಿನಲ್ಲಿ, ಫೋನ್ ಡ್ರಾಯರಿನಲ್ಲಿ. ಅವರು ಆರು ಸಲ ಕರೆ ಮಾಡಿದ್ದರು. ನಾನು ನೋಡುವ ಹೊತ್ತಿಗೆ ನೀರು ಹಾಲಿನವರೆಗೆ ಬಂದಿತ್ತು. ಅದರಲ್ಲಿ ಅವರ ತಪ್ಪು ಒಂದು ಚೂರೂ ಇರಲಿಲ್ಲ. ಆವತ್ತಿನಿಂದ ಕೆಲಸದವರಿಗೆ ಎರಡು ಅಥವಾ ಮೂರು ಗಂಟೆಯ ಸಮಯ ಕಟ್ಟಿದ ನಂಬರನ್ನೇ ಕೊಡುತ್ತೇನೆ. ಕೊರಿಯರ್ ಒಳಗಿಟ್ಟು ಹೋಗುವವರಿಗೆ ಮಾತ್ರ ಒಂದು ಸಲದ್ದು.

ಇನ್ನೊಂದು ವಿಷಯ ಕೊಳ್ಳುವಾಗ ಯಾರೂ ಹೇಳಲಿಲ್ಲ. ನನ್ನ ಲಾಕಿನಲ್ಲಿ ಇಂಟರ್ನೆಟ್ ಇಲ್ಲದಿದ್ದರೂ ಈ ನಂಬರುಗಳು ಕೆಲಸ ಮಾಡುತ್ತವೆ. ಆ್ಯಪ್ ಸಮಯ ಹಿಡಿದು ಲೆಕ್ಕ ಹಾಕಿ ನಂಬರ್ ಕೊಡುತ್ತದೆ, ಲಾಕ್ ತನ್ನ ಗಡಿಯಾರ ನೋಡಿ ಅದು ಸರಿಯಾ ಅಂತ ಪರೀಕ್ಷಿಸುತ್ತದೆ. ಕರೆಂಟ್ ಹೋದರೂ ತೊಂದರೆ ಇಲ್ಲ, ಒಳ್ಳೆಯದೇ. ಆದರೆ ಕೊಟ್ಟ ನಂಬರನ್ನು ಆಫೀಸಿನಿಂದ ರದ್ದು ಮಾಡೋಕೆ ಆಗುವುದಿಲ್ಲ. ಬಾಗಿಲ ಹತ್ತಿರ ನಿಂತು ಬ್ಲೂಟೂತಿನಲ್ಲೇ ರದ್ದು ಮಾಡಬೇಕು. ಯಾರು ಎಷ್ಟು ಹೊತ್ತಿಗೆ ಬಂದರು ಅನ್ನುವ ದಾಖಲೆಯೂ ಹತ್ತಿರ ಹೋದ ಮೇಲೆಯೇ ಫೋನಿಗೆ ಬರುತ್ತದೆ. ದೂರದಿಂದ ಎಲ್ಲ ಬೇಕು ಅಂದರೆ ಗೇಟ್‌ವೇ ಅಂತ ಒಂದು ಪುಟ್ಟ ಡಬ್ಬಿಯನ್ನು ಬೇರೆ ಕೊಂಡು ವೈಫೈಗೆ ಸೇರಿಸಬೇಕು. ನಾನು ಒಂದು ವರ್ಷ ಅದಿಲ್ಲದೆ ಕಳೆದೆ. ಹೊಸದಾಗಿ ಕೊಳ್ಳುವವರು ಮೊದಲ ದಿನವೇ ತೆಗೆದುಕೊಳ್ಳಿ. ರೂಟರಿಗೆ ಒಂದು ಸಣ್ಣ ಯುಪಿಎಸ್ ಕೂಡ ಹಾಕಿಸಿ, ಕರೆಂಟ್ ಹೋದಾಗ ವೈಫೈ ಹೋದರೆ ಗೇಟ್‌ವೇ ಸುಮ್ನೆ ಕೂತಿರುತ್ತದೆ. ಬ್ಯಾಟರಿ ಬದಲಿಸಿದ ಮೇಲೆ ಲಾಕಿನ ಗಡಿಯಾರ ಸರಿ ಇದೆಯಾ ಅಂತ ಆ್ಯಪಿನಲ್ಲಿ ಒಮ್ಮೆ ನೋಡಿ. ನನ್ನದು ಹಿಂದೆ ಬಿದ್ದು, ಎಲೆಕ್ಟ್ರಿಷಿಯನ್ ಸರಿಯಾದ ನಂಬರ್ ಒತ್ತಿದರೂ ಬಿಸಿಲಲ್ಲಿ ನಿಲ್ಲುವಂತಾಯಿತು.

ನಂಬರಿಗೆ ಮುಖ ಇಲ್ಲ ಅನ್ನುವುದು ನಾನು ಕಲಿತ ಮತ್ತೊಂದು ಪಾಠ. ಒಮ್ಮೆ ಪೇಂಟಿಂಗ್ ಕೆಲಸ ಒಪ್ಪಿಕೊಂಡವರಿಗೆ ನಂಬರನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿದೆ. ಅವರು ಅದನ್ನು ತಮ್ಮ ಹುಡುಗನಿಗೆ ಕಳಿಸಿದರು. ಹುಡುಗ ಒಬ್ಬನೇ ಬಂದು ಗೋಡೆ ಉಜ್ಜಿ ಹೋದ. ಕೆಲಸ ಚೆನ್ನಾಗೇ ಮಾಡಿದ್ದ. ಆದರೆ ನಾನು ಒಂದು ಸಲವೂ ನೋಡದ ಒಬ್ಬರು ಮನೆಯೊಳಗೆ ಮೂರು ಗಂಟೆ ಇದ್ದರು, ಅದು ನನಗೆ ಗೊತ್ತಾಗಿದ್ದು ಸಂಜೆ. ಈಗ ಮೆಸೇಜಿನಲ್ಲಿ ನಂಬರ್ ಕಳಿಸುವುದೇ ಇಲ್ಲ. “ಬಾಗಿಲ ಮುಂದೆ ನಿಂತು ವಿಡಿಯೋ ಕಾಲ್ ಮಾಡಿ, ಆಗ ಹೇಳ್ತೀನಿ” ಅನ್ನುತ್ತೇನೆ. ಒಂದು ನಿಮಿಷದ ಕೆಲಸ. ಯಾರೂ ಬೇಸರ ಮಾಡಿಕೊಂಡಿಲ್ಲ. ಒಮ್ಮೆ ಒಂದು ಸರ್ವೀಸ್ ಆ್ಯಪಿನಿಂದ ಗೀಸರ್ ರಿಪೇರಿಗೆ ಬಂದವರ ಮುಖವೇ ಬೇರೆ, ಆ್ಯಪಿನಲ್ಲಿದ್ದ ಫೋಟೋವೇ ಬೇರೆ. ನಂಬರ್ ಕೊಡದೆ ವಾಪಸ್ ಕಳಿಸಿದೆ. ಮೊದಲೇ ಕಟ್ಟಿದ್ದ ದುಡ್ಡು ವಾಪಸ್ ಕೊಡೋಕೆ ಆ ಕಂಪನಿ ಹತ್ತು ದಿನ ಸತಾಯಿಸಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಬಂತು.

ಮನೆಗೆಲಸಕ್ಕೆ ಬರುವ ಅಕ್ಕನ ಬೆರಳಚ್ಚು ಸೇರಿಸೋಣ ಅಂದುಕೊಂಡೆ. ಸೋಪಿನ ನೀರಿನಲ್ಲಿ ದಿನವಿಡೀ ಪಾತ್ರೆ ತಿಕ್ಕಿ ಅವರ ಬೆರಳ ಗೆರೆಗಳು ಸವೆದಿವೆ. ಹತ್ತು ಸಲ ಇಟ್ಟರೆ ಎರಡು ಸಲ ತೆರೆಯುತ್ತಿತ್ತು. ಗಾರೆ ಕೆಲಸದವರಿಗೂ ಹೀಗೇ ಆಗುತ್ತದಂತೆ. ಕೊನೆಗೆ ಅವರಿಗೇ ಅಂತ ಒಂದು ನಂಬರ್ ಮಾಡಿದೆ. ಪ್ರತಿದಿನ ಬೆಳಿಗ್ಗೆ 9ರಿಂದ 11ರವರೆಗೆ ಮಾತ್ರ ನಡೆಯುತ್ತದೆ. “ಯಾವ ನಂಬರ್ ಬೇಕು, ನೀವೇ ಹೇಳಿ ಅಕ್ಕ” ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಮಗಳು ಹುಟ್ಟಿದ ತಾರೀಖು ಹೇಳಿದರು. ಮೊದಲು ನಾನು ಹೊರಡುವುದರೊಳಗೆ ಓಡಿ ಬರಬೇಕಿತ್ತು. ಈಗ ಮಗಳನ್ನು ಶಾಲೆಗೆ ಬಿಟ್ಟು ನಿಧಾನವಾಗಿ ಬರುತ್ತಾರೆ. ಈ ಲಾಕಿನಿಂದ ಜಾಸ್ತಿ ಉಪಯೋಗ ಆದದ್ದು ನನಗೋ ಅವರಿಗೋ ಅಂತ ಕೇಳಿದರೆ, ಅವರಿಗೇ ಅನ್ನುತ್ತೇನೆ.

ಇನ್ನು ನಾನು ಬರೆಯಲೇಬೇಕಾದ ಘಟನೆ. ಲಾಕ್ ಹಾಕಿಸಿದ ಎರಡನೆಯ ವರ್ಷ. ವರಮಹಾಲಕ್ಷ್ಮಿ ಹಬ್ಬ ಮುಗಿದು ನಾಲ್ಕು ದಿನಕ್ಕೆ ಕುಂಕುಮದ ಬೆಳ್ಳಿ ಬಟ್ಟಲು ಕಾಣಲಿಲ್ಲ. ನನ್ನ ತಾಯಿ ಮದುವೆಯಲ್ಲಿ ಕೊಟ್ಟದ್ದು. ಆ ನಾಲ್ಕು ದಿನದಲ್ಲಿ ಅಕ್ಕ ಊರಿಗೆ ಹೋಗಿದ್ದರು, ಬಂದಿರಲೇ ಇಲ್ಲ. ಬಂದವರು ಪ್ಲಂಬರ್ ಒಬ್ಬರೇ. ದಾಖಲೆ ತೆಗೆದು ನೋಡಿದೆ. 11.42ಕ್ಕೆ ಬಾಗಿಲು ತೆರೆದಿದೆ, 12.26ಕ್ಕೆ ಲಾಕ್ ಆಗಿದೆ. ನಲವತ್ತನಾಲ್ಕು ನಿಮಿಷ.

ದಾಖಲೆ ಇದ್ದರೆ ಸತ್ಯ ಗೊತ್ತಾಗುತ್ತದೆ ಅಂತ ನಾನು ನಂಬಿದ್ದೆ. ಆದರೆ ಆವತ್ತು ಅದು ಮಾಡಿದ್ದು ಬೇರೆ. ಎಲ್ಲರನ್ನೂ ಬಿಟ್ಟು ಒಬ್ಬರ ಕಡೆ ಮಾತ್ರ ಬೆರಳು ತೋರಿಸಿತು. ಅವರು ಒಳಗೆ ಏನು ಮಾಡಿದರು ಅಂತ ಅದಕ್ಕೆ ಗೊತ್ತಿಲ್ಲ, ಇದ್ದರು ಅಂತ ಮಾತ್ರ ಗೊತ್ತು. “ಇನ್ನೇನು ಬೇಕು, ಫೋನ್ ಮಾಡಿ ಕೇಳು” ಅಂದರು ಅತ್ತೆ. ನಾನು ಫೋನ್ ಕೈಗೆ ತೆಗೆದುಕೊಂಡೆ. ಏನಂತ ಕೇಳಲಿ? ಎಷ್ಟು ಮೆತ್ತಗೆ ಕೇಳಿದರೂ ಅವರಿಗೆ ಅದು ಕಳ್ಳ ಅಂದ ಹಾಗೇ ಕೇಳಿಸುತ್ತದೆ. ನಮ್ಮ ಬೀದಿಯಲ್ಲಿ ಹತ್ತು ಮನೆಗೆ ಅವರೇ ಪ್ಲಂಬರ್. ಒಂದು ಮಾತು ಹೊರಗೆ ಬಿದ್ದರೆ ಹತ್ತು ಮನೆಯ ಕೆಲಸವೂ ಹೋಗುತ್ತದೆ. ಮನೆಯೆಲ್ಲ ಇನ್ನೊಮ್ಮೆ ಹುಡುಕೋಣ, ಆಮೇಲೆ ನೋಡೋಣ ಅಂದೆ. ಹುಡುಕಿದೆವು, ಸಿಗಲಿಲ್ಲ. ಆದರೂ ಫೋನ್ ಮಾಡಲಿಲ್ಲ.

ಮೂರು ವಾರ ಕಳೆದು ಗೌರಿ ಹಬ್ಬಕ್ಕೆ ಬಾಗಿನದ ಸಾಮಾನಿನ ಪೆಟ್ಟಿಗೆ ತೆಗೆದಾಗ, ಲಕ್ಷ್ಮಿಯ ಬೆಳ್ಳಿ ಮುಖವಾಡ ಸುತ್ತಿಟ್ಟ ರವಿಕೆ ಬಟ್ಟೆಯೊಳಗೆ ಬಟ್ಟಲು ಇತ್ತು. ವಿಸರ್ಜನೆಯ ದಿನ ಅತ್ತೆಯೇ ಜೋಪಾನವಾಗಿ ಎರಡನ್ನೂ ಒಟ್ಟಿಗೆ ಸುತ್ತಿದ್ದರು. ಅತ್ತೆ ಅಲ್ಲೇ ಕೂತು ಅತ್ತರು. ನನಗೂ ಕೈ ನಡುಗಿತು. ಫೋನ್ ಮಾಡಿದ್ದರೆ ಏನಾಗುತ್ತಿತ್ತು ಅಂತ ಈಗಲೂ ನೆನೆಸಿಕೊಳ್ಳುತ್ತೇನೆ.

ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಯಾರಾದರೂ ಬರುವ ದಿನ ಬೆಳಿಗ್ಗೆ ಬೆಳ್ಳಿ, ಒಡವೆ, ದುಡ್ಡು ಎಲ್ಲ ರೂಮಿನ ಬೀರುವಿಗೆ ಹೋಗುತ್ತದೆ. ರೂಮಿಗೂ ಬೀಗ. ಕೆಲಸ ಇರುವ ಜಾಗ ಮಾತ್ರ ತೆರೆದಿರುತ್ತದೆ. ಬರುವವರ ಮೇಲೆ ಅನುಮಾನ ಅಂತ ಹೀಗೆ ಮಾಡುತ್ತಿಲ್ಲ. ನಮ್ಮ ಮರೆವಿಗೆ ಅವರು ಅನುಮಾನ ಹೊರಬಾರದು ಅಂತ. ಕೆಲಸದ ಮೊದಲು ಒಂದು, ಮುಗಿದ ಮೇಲೆ ಒಂದು ಫೋಟೋ ಕಳಿಸಿ ಅಂತ ಎಲ್ಲರಿಗೂ ಹೇಳುತ್ತೇನೆ. ಅವರಿಗೂ ಅದು ಸಾಕ್ಷಿ.

ಬಾಗಿಲ ಒಳಗಡೆ ಒಂದು ಕ್ಯಾಮೆರಾವೂ ಇದೆ. ಅದು ಬಾಗಿಲನ್ನು ಮಾತ್ರ ನೋಡುತ್ತದೆ, ಹಾಲನ್ನಲ್ಲ. ಇದೆ ಅಂತ ಬರುವವರಿಗೆ ಮೊದಲೇ ಹೇಳುತ್ತೇನೆ. ಮೊದಲು ಹಾಲಿನ ಕಡೆ ತಿರುಗಿಸಿದ್ದೆ. ಅಕ್ಕ ಸೆರಗು ಸರಿಮಾಡಿಕೊಳ್ಳುತ್ತಾ ಗೋಡೆ ಕಡೆ ಮುಖ ಮಾಡಿ ನೆಲ ಒರೆಸುವುದನ್ನು ನೋಡಿ, ಅವತ್ತೇ ತಿರುಗಿಸಿಬಿಟ್ಟೆ. ಆಚಾರ್ರು ಮಾತ್ರ ಬೇರೆ ಥರ. “ಕ್ಯಾಮೆರಾ ಇದೆಯೇನಮ್ಮಾ? ಇರಲಿ ಬಿಡಿ. ನಾಳೆ ನನ್ನ ಮೇಲೆ ಮಾತು ಬರಲ್ಲ” ಅಂದರು. ಎಷ್ಟು ಮನೆಗಳಲ್ಲಿ ಎಷ್ಟು ಮಾತು ಕೇಳಿದ್ದರೋ.

ಇನ್ಶೂರೆನ್ಸ್ ಬಗ್ಗೆಯೂ ಒಂದು ಮಾತು. 2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿ ನಮ್ಮ ಮನೆಗಿದೆ. ಕಳ್ಳತನಕ್ಕೂ ದುಡ್ಡು ಬರುತ್ತದೆ ಅಂದುಕೊಂಡಿದ್ದೆ. ಬೆಂಕಿ, ಪ್ರವಾಹದಂಥ ಅನಾಹುತ ಆಗಿ, ಅದರ ನಂತರದ 7 ದಿನದೊಳಗೆ ಕಳುವಾದರೆ ಮಾತ್ರ ಅದು ಅನ್ವಯಿಸುತ್ತದೆ. ಕಳ್ಳತನಕ್ಕೆ ಅಂತ ಬೇರೆ ತೆಗೆದುಕೊಂಡ ಪಾಲಿಸಿಯಲ್ಲಿ ಬಾಗಿಲು ಒಡೆದ ಗುರುತು ಇರಬೇಕು ಅಂತ ಬರೆದಿದೆ. ನಾವೇ ನಂಬರ್ ಕೊಟ್ಟು ತೆರೆಸಿದ ಬಾಗಿಲಿಗೆ ಅಂಥ ಗುರುತು ಎಲ್ಲಿಂದ ಬರಬೇಕು? ನಿಮ್ಮ ಪಾಲಿಸಿಯನ್ನು ಕೂತು ಓದಿ.

ಉಳಿದದ್ದು ಚಿಕ್ಕ ಪುಟ್ಟದ್ದು. ನಾಲ್ಕು ಎಎ ಬ್ಯಾಟರಿ ನಮಗೆ ಎಂಟು ತಿಂಗಳು ಬರುತ್ತವೆ, ಮಳೆಗಾಲದಲ್ಲಿ ಕಡಿಮೆ. ಪೂರ್ತಿ ಸತ್ತರೆ ಕೆಳಗೆ ಟೈಪ್-ಸಿ ಕಿಂಡಿ ಇದೆ, ಪವರ್ ಬ್ಯಾಂಕ್ ಚುಚ್ಚಿದರೆ ಎಚ್ಚರಗೊಳ್ಳುತ್ತದೆ. ಕೆಲವು ಲಾಕುಗಳಿಗೆ 9 ವೋಲ್ಟ್ ಬ್ಯಾಟರಿ ಹಿಡಿಯಬೇಕು, ನಿಮ್ಮದು ಯಾವುದು ನೋಡಿಕೊಳ್ಳಿ. ಮಾಮೂಲಿ ಬೀಗದ ಕೈಯನ್ನು ಮನೆಯೊಳಗೇ ಇಡಬೇಡಿ, ನನ್ನದು ಆಫೀಸಿನ ಡ್ರಾಯರಿನಲ್ಲಿದೆ. ನಿಮ್ಮ ಸ್ವಂತ ನಂಬರನ್ನೇ ದಿನಾ ಒತ್ತಿದರೆ ಆ ಅಂಕಿಗಳ ಮೇಲೆ ಬೆರಳಿನ ಜಿಡ್ಡು ಕಾಣುತ್ತದೆ. ಹಿಂದೆ ಮುಂದೆ ಬೇರೆ ಅಂಕಿ ಸೇರಿಸಿ ಒತ್ತಿದರೂ ನನ್ನ ಲಾಕ್ ತೆರೆಯುತ್ತದೆ, ನಾನು ಹಾಗೇ ಮಾಡುವುದು. ಎರಡು ವರ್ಷದ ವಾರಂಟಿ ಮುಗಿದಿದೆ. ಹಿಡಿಯ ಕಪ್ಪು ಬಣ್ಣ ಸ್ವಲ್ಪ ಎದ್ದಿದೆ, ಮೋಟಾರು ಗಟ್ಟಿಯಾಗಿದೆ.

ಮತ್ತೆ ಕೊಳ್ಳುತ್ತೀರಾ ಅಂದರೆ, ಹೌದು. ಗೇಟ್‌ವೇ ಜೊತೆಗೇ ಕೊಳ್ಳುತ್ತೇನೆ, ಕೊರೆಯುವ ಕೆಲಸಕ್ಕೆ ಮೊದಲೇ ಆಚಾರ್ರನ್ನು ಕರೆಯುತ್ತೇನೆ. ಕಳೆದ ತಿಂಗಳು ಸಂಪಿನ ಮೋಟಾರ್ ಕೆಟ್ಟಾಗ ಅದೇ ಪ್ಲಂಬರ್ ಬಂದಿದ್ದರು. ಸ್ವಿಚ್ ಅಡುಗೆಮನೆಯೊಳಗಿದೆ, ಅದಕ್ಕೆ ಎರಡು ಗಂಟೆಯ ನಂಬರ್ ಕೊಟ್ಟೆ. ಒಂದು ಗಂಟೆಗೆ ಫೋನ್ ಬಂತು. “ಬಾಗಿಲು ಎಳ್ಕೊಂಡಿದ್ದೀನಿ ಮೇಡಂ, ಲಾಕ್ ಬಿತ್ತಾ ನೋಡಿ, ಆಮೇಲೆ ಹೊರಡ್ತೀನಿ.” ನೋಡಿದೆ, ಬಿದ್ದಿತ್ತು.