ಗಂಡಿಕೋಟದ ಕಮರಿಯೋ, ಬೆಲುಂ ಗುಹೆಯೋ?

ಆಂಧ್ರದ ಕಡಪ ಜಿಲ್ಲೆಯ ಮೈಲವರಂ ಜಲಾಶಯದ ದಂಡೆಯ ರೆಸಾರ್ಟೊಂದರಲ್ಲಿ ಎರಡು ರಾತ್ರಿ ತಂಗಿದ್ದೆವು. ಅಲ್ಲಿಂದ ಹೋಗಿಬರಲು ಸಿಗುವುದು ಒಂದೇ ಹಗಲು ಎಂದಾದರೆ ಗಂಡಿಕೋಟವನ್ನು ಆರಿಸಿಕೊಳ್ಳಬೇಕೋ, ಬೆಲುಂ ಗುಹೆಯನ್ನೋ? ಎರಡನ್ನೂ ನೋಡಿಬಂದ ಮೇಲೆ ನನ್ನ ಮತ ಬೆಲುಂಗೆ.

ಗಂಡಿಕೋಟ ಹತ್ತಿರದಲ್ಲೇ ಇದೆ. ನಸುಕಿನಲ್ಲಿ ಹೊರಟು, ಕೋಟೆಯೊಳಗಿನ ರಂಗನಾಥನ ಗುಡಿಯನ್ನು ದಾಟಿ, ಬಂಡೆಯಿಂದ ಬಂಡೆಗೆ ಕಾಲಿಡುತ್ತ ಅಂಚಿಗೆ ಬಂದಾಗ ಸೂರ್ಯ ಆಗಷ್ಟೇ ಮೇಲೇರುತ್ತಿದ್ದ. ಕೆಳಗಿರುವುದು ಪೆನ್ನಾ, ಅಂದರೆ ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ. ಚಿಕ್ಕಬಳ್ಳಾಪುರದ ಕಡೆ ಬರೀ ಮರಳಾಗಿ ಕಾಣುವ ಈ ಹೊಳೆ ಎರ್ರಮಲ ಬೆಟ್ಟವನ್ನೇ ಸೀಳಿದೆ ಎಂದರೆ ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಈ ಕೆಂಪು ಬಂಡೆಗಳನ್ನು ಹಲವರು ಗ್ರಾನೈಟ್ ಎನ್ನುತ್ತಾರೆ, ಅದು ತಪ್ಪು. ಬಗ್ಗಿ ನೋಡಿದರೆ ಇಟ್ಟಿಗೆ ಪೇರಿಸಿದಂತೆ ಅಡ್ಡಡ್ಡ ಪದರಗಳಿವೆ. ಎಂದೋ ನೀರಿನಡಿ ಕುಳಿತ ಮರಳು ಗಟ್ಟಿಯಾಗಿ ಕ್ವಾರ್ಟ್‌ಜೈಟ್ ಆದದ್ದರ ಗುರುತು ಅದು. ನೋಟ ಭವ್ಯವೇ. ಆದರೆ ಅಂಚಿನಲ್ಲಿ ನಿಂತು ನೋಡಿ ಹಿಂದಿರುಗುವುದಷ್ಟೇ ಅಲ್ಲಿನ ಕೆಲಸ. ನಾವು ನಿಂತ ಕಡೆ ಕಂಬಿಯೂ ಇರಲಿಲ್ಲ. ಮಕ್ಕಳ ಕೈ ಬಿಡುವಂತಿಲ್ಲ.

ಬೆಲುಂಗೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಬಯಲಿನಲ್ಲಿ ಬಾವಿಯಂಥ ಮೂರು ಗುಂಡಿಗಳಿವೆ, ಇಳಿಯುವುದು ನಡುವಿನದರಲ್ಲಿ. 1884ರಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಗುಹೆಯನ್ನು ದಾಖಲಿಸಿದ. ಸುಮಾರು ನೂರು ವರ್ಷಗಳ ಬಳಿಕ, 1982 ಮತ್ತು 83ರಲ್ಲಿ, ಜರ್ಮನ್ ತಂಡವೊಂದು ಅಳೆಯಿತು. ಈಗ ಗೊತ್ತಿರುವ ಉದ್ದ 3,229 ಮೀಟರ್, ಅದರಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ನಮಗೆ ತೆರೆದಿದೆ.

ಇಳಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತು. ಹೊರಗಿನ ಗಾಳಿಯನ್ನು ಕೊಳವೆಗಳಿಂದ ಒಳಗೆ ಬಿಡುತ್ತಾರೆ. ಅಂಥ ಕಡೆಗಳಲ್ಲೆಲ್ಲ ನಿಂತು ಉಸಿರು ತೆಗೆದುಕೊಂಡೆ. ಕಪ್ಪು ಸುಣ್ಣಕಲ್ಲಿನ ಗೋಡೆಗಳು ಕುಂಬಾರ ಸವರಿದ ಮಡಕೆಯ ಒಳಮೈಯಷ್ಟು ನುಣುಪು, ಎಲ್ಲಿಯೂ ಚೂಪಾದ ಮೂಲೆಯಿಲ್ಲ. ನೆಲದಡಿ ಹರಿದ ನೀರು ಕಲ್ಲನ್ನು ಕರಗಿಸುತ್ತ, ಉಜ್ಜುತ್ತ ಹೋದ ದಾರಿಯಲ್ಲೇ ನಾವು ನಡೆಯುತ್ತೇವೆ. ಕೋಟಿಲಿಂಗಗಳ ಕೋಣೆಯಲ್ಲಿ ಚಾವಣಿಯಿಂದ ಸಾವಿರಾರು ಸ್ಟ್ಯಾಲಕ್ಟೈಟ್‌ಗಳು, ಅಂದರೆ ತೊಟ್ಟಿಕ್ಕುವ ನೀರಿನ ಸುಣ್ಣ ಕೂತು ಬೆಳೆದ ಕಲ್ಲಿನ ಬಿಳಲುಗಳು, ಇಳಿಬಿದ್ದಿವೆ. ಕೊನೆಗೆ ಪಾತಾಳಗಂಗೆ: ಒಂದು ಸಣ್ಣ ತೊರೆ ಕಲ್ಲಿನೊಳಗೆ ಹೊಕ್ಕು ಕಣ್ಮರೆಯಾಗುತ್ತದೆ. ಗಂಡಿಕೋಟದಲ್ಲಿ ನೀರು ಮಾಡಿ ಮುಗಿಸಿದ ಕೆಲಸವನ್ನು ದೂರದಿಂದ ಕಂಡಿದ್ದೆ, ಇಲ್ಲಿ ಆ ಕೆಲಸದ ಒಳಗೇ ನಿಂತಿದ್ದೆ.

ಸಪ್ತಸ್ವರ ಗುಹೆಯಲ್ಲಿ ಕಲ್ಲನ್ನು ತಟ್ಟಿದರೆ ನಾದ ಹೊಮ್ಮುತ್ತದೆಂದು ಎಲ್ಲರೂ ತಟ್ಟುತ್ತಾರೆ. ದಯವಿಟ್ಟು ತಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗದಲ್ಲಿ ಸುಣ್ಣ ಮತ್ತೆ ಕೂರುವುದು ಕಷ್ಟ. ಮುರಿದುಬಿದ್ದದ್ದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬೆಳೆದುಬರುವುದಿಲ್ಲ.

ಬೆಟ್ಟದ ನಡುವಿನ ಶಿವಕ್ಷೇತ್ರ ಯಾಗಂಟಿಯನ್ನೂ ಸೇರಿಸಿಕೊಂಡೆವು. ಅಗಸ್ತ್ಯರ ಗುಹೆಗೆ ಹತ್ತುವ ಕಡಿದಾದ ಮೆಟ್ಟಿಲು, ನಂದಿಯ ಬಾಯಿಂದ ಪುಷ್ಕರಿಣಿಗೆ ಬೀಳುವ ನೀರು ಚೆನ್ನಾಗಿವೆ. ಆದರೆ ಅದು ದೇವರ ದರ್ಶನಕ್ಕೆ ಹೋಗುವ ಸ್ಥಳ, ಕಲ್ಲು ನೋಡಲೆಂದೇ ಹೋಗುವಂಥದ್ದಲ್ಲ.

ಉಸಿರಾಟದ ತೊಂದರೆ ಇರುವವರಿಗೆ, ಇಕ್ಕಟ್ಟಿಗೆ ಅಂಜುವವರಿಗೆ ಗಂಡಿಕೋಟವೇ ಸರಿ. ಉಳಿದವರು ಹತ್ತಿಬಟ್ಟೆ ತೊಟ್ಟು ಬೆಳಿಗ್ಗೆಯೇ ಬೆಲುಂಗೆ ಹೊರಡಿ; ಬೇಗ ಮರಳಿದರೆ ಸಂಜೆಯ ಬೆಳಕಿನಲ್ಲಿ ಕಮರಿಯೂ ಸಿಕ್ಕೀತು.