ಅಮ್ಮನ ಸ್ಟೋಮಾ ಬ್ಯಾಗ್: 14 ತಿಂಗಳು ಬಳಸಿದ ಮೇಲೆ

ಅಮ್ಮನಿಗೆ ಆಪರೇಷನ್ ಆಗಿ 14 ತಿಂಗಳಾಯಿತು. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆ ಹೊರತಂದಿದ್ದಾರೆ, ಇಲಿಯಾಸ್ಟಮಿ ಅನ್ನುತ್ತಾರೆ. ಹಾಗೆ ಹೊರಬಂದ ಕರುಳಿನ ಬಾಯಿಯೇ ಸ್ಟೋಮಾ, ಮಲ ಅಲ್ಲಿಂದಲೇ ಬ್ಯಾಗಿಗೆ ಬೀಳುತ್ತದೆ. ಅಂದಿನಿಂದ ಎರಡು ತುಂಡಿನ ಬ್ಯಾಗನ್ನೇ ಬಳಸುತ್ತಿದ್ದೇವೆ: ಚರ್ಮಕ್ಕೆ ಅಂಟುವ ಪ್ಲೇಟ್ ಬೇರೆ, ಅದಕ್ಕೆ ಸಿಕ್ಕಿಸುವ ಚೀಲ ಬೇರೆ. ಶಿಡ್ಲಘಟ್ಟದ ಹತ್ತಿರದ ನಮ್ಮ ಹಳ್ಳಿಯಲ್ಲಿ ಇದರ ಬಗ್ಗೆ ಕೇಳಲು ನನಗೆ ಯಾರೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅಳತೆಯ ವಿಷಯ. ಡಿಸ್ಚಾರ್ಜ್ ದಿನ ನರ್ಸ್ ಪ್ಲೇಟಿನಲ್ಲಿ 38 ಮಿ.ಮೀ. ತೂತು ಕತ್ತರಿಸಿ ತೋರಿಸಿದರು. ನಾನು ಅದನ್ನು ರಟ್ಟಿನ ಮೇಲೆ ಗುರುತು ಹಾಕಿಕೊಂಡು ಬಂದು ಐದು ವಾರ ಅದೇ ಅಳತೆಗೆ ಕತ್ತರಿಸಿದೆ. ಆರೆಂಟು ವಾರದ ತನಕ ಸ್ಟೋಮಾದ ಊತ ಇಳಿಯುತ್ತಲೇ ಇರುತ್ತದೆ, ವಾರಕ್ಕೊಮ್ಮೆ ಅಳೆದು ನೋಡಬೇಕು ಅಂತ ಯಾರೂ ಹೇಳಲಿಲ್ಲ. ಡಬ್ಬಿಯ ಕಾಗದದಲ್ಲಿತ್ತು, ಇಂಗ್ಲಿಷಿನಲ್ಲಿ. ಸಣ್ಣ ಕರುಳಿನಿಂದ ನೀರಾಗಿ ಬರುವ ಮಲದಲ್ಲಿ ಜೀರ್ಣರಸ ಇರುತ್ತದೆ, ಪ್ಲೇಟಿನ ತೂತಿಗೂ ಕುಗ್ಗಿದ ಸ್ಟೋಮಾಕ್ಕೂ ನಡುವಿನ ಸಂದಿಯಲ್ಲಿ ನಿಂತರೆ ಚರ್ಮವನ್ನೇ ತಿನ್ನುತ್ತದೆ. ಪ್ಲೇಟ್ ಬಿಡಿಸಿದರೆ ಸುತ್ತಲೂ ಸುಟ್ಟ ಗಾಯದ ಹಾಗೆ ಕೆಂಪಗೆ ಒಸರುತ್ತಿತ್ತು. ಒದ್ದೆ ಚರ್ಮಕ್ಕೆ ಪ್ಲೇಟ್ ಹಿಡಿಯುವುದಿಲ್ಲ, ಹಿಡಿಯದಿದ್ದರೆ ಮತ್ತೆ ಸೋರಿಕೆ. "ಹಾಸಿಗೆಗೆಲ್ಲ ಆಗ್ತದೆ, ನಾನು ಜಗಲಿ ಮೇಲೆ ಮಲಕ್ಕೊಂತೀನಿ ಬಿಡಪ್ಪ" ಅಂದಳು ಅಮ್ಮ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೊನೆಗೆ ಒಬ್ಬ ಸ್ಟೋಮಾ ನರ್ಸ್ ವಿಡಿಯೋ ಕಾಲ್‌ನಲ್ಲಿ ನೋಡಿ, ಡಬ್ಬಿಯಲ್ಲಿ ಬರುವ ಅಳತೆ ಕಾಗದ ಇಟ್ಟು ನೋಡಲು ಹೇಳಿದರು. ಸ್ಟೋಮಾ 28ಕ್ಕೆ ಇಳಿದಿತ್ತು! ತೂತು 2 ಮಿ.ಮೀ. ಮಾತ್ರ ದೊಡ್ಡದಿರಲಿ ಅಂದರು. 30ಕ್ಕೆ ಕತ್ತರಿಸಿ, ಗಾಯದ ಮೇಲೆ ಒದ್ದೆ ಹೀರುವ ಸ್ಟೋಮಾ ಪುಡಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ ಅಂಟಿಸಿದೆ. ಹತ್ತು ದಿನಕ್ಕೆ ಚರ್ಮ ಮಾಗಿತು.

ಬದಲಾಯಿಸುವುದು ಬೆಳಗ್ಗೆ, ಕಾಫಿಗೂ ಮುಂಚೆ. ಹೊಟ್ಟೆ ಖಾಲಿ ಇದ್ದಾಗ ಸ್ಟೋಮಾ ಸುಮ್ಮನಿರುತ್ತದೆ. ಬೆಚ್ಚನೆಯ ನೀರು, ಹಳೇ ಪಂಚೆಯ ತುಂಡು, ಅಷ್ಟೇ. ಕೊಬ್ಬರಿ ಎಣ್ಣೆ ಸವರಲೇಬೇಡಿ, ಅಂಟು ಬಿಡುತ್ತದೆ. ಪ್ಲೇಟನ್ನು ಎರಡು ಅಂಗೈ ನಡುವೆ ಬೆಚ್ಚಗೆ ಮಾಡಿ ಅಂಟಿಸಿ, ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಒರೆಸುವಾಗ ಚೂರು ರಕ್ತ ಕಂಡರೆ ಗಾಬರಿ ಬೇಡ. ಸ್ಟೋಮಾ ಕಪ್ಪಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಿ.

ಬ್ಯಾಗಿನ ಗುಣ ಚೆನ್ನಾಗಿದೆ. ಸರಿಯಾಗಿ ಕೂತರೆ ಟಕ್ ಅನ್ನುತ್ತದೆ, ವಾಸನೆ ಬರುವುದಿಲ್ಲ. ಮೂರರಲ್ಲೊಂದು ಪಾಲು ತುಂಬಿದಾಗಲೇ ಖಾಲಿ ಮಾಡಬೇಕು, ಇಲ್ಲದಿದ್ದರೆ ಭಾರಕ್ಕೆ ಪ್ಲೇಟ್ ಜಗ್ಗುತ್ತದೆ. ಚಳಿಗಾಲದಲ್ಲಿ ಪ್ಲೇಟ್ ನಾಲ್ಕು ದಿನ ಬರುತ್ತಿತ್ತು, ಏಪ್ರಿಲ್ ಬೆವರಿಗೆ ಎರಡೇ ದಿನ. ಆ ಬೇಸಿಗೆಯಲ್ಲೇ ಅಮ್ಮನಿಗೆ ತಲೆಸುತ್ತು ಬಂದಿತ್ತು. ಬರೀ ನೀರು ಕುಡಿದರೆ ಸಾಲದು, ಉಪ್ಪೂ ಹೊರಗೆ ಹೋಗುತ್ತದೆ ಅಂತ ಡಾಕ್ಟರ್ ಓಆರ್‌ಎಸ್ ಕೊಟ್ಟರು. ನಮ್ಮ ಊರ ಮೆಡಿಕಲ್ ಸ್ಟೋರಿನಲ್ಲಿ ಪ್ಲೇಟ್ ಸಿಗುವುದಿಲ್ಲ, ಬೆಂಗಳೂರಿನಿಂದ ತರಿಸುತ್ತೇವೆ. ಮನೆಯಲ್ಲಿ ಎರಡು ವಾರದ್ದು ಯಾವಾಗಲೂ ಇರಲಿ.

ಅಮ್ಮ ಈಗ ರೇಷ್ಮೆ ಹುಳದ ಮನೆಗೆ ಮೊದಲಿನ ಹಾಗೆ ಹೋಗಿ ಸೊಪ್ಪು ಹಾಕುತ್ತಾಳೆ. ಭಾರ ಎತ್ತಿದರೆ ಸ್ಟೋಮಾದ ಪಕ್ಕ ಹರ್ನಿಯಾ ಆಗಬಹುದು ಅಂದಿದ್ದಾರೆ, ಸೊಪ್ಪಿನ ಮೂಟೆ ನಾನು ಹೊರುತ್ತೇನೆ.