ಕೊರೆಗಿಡೋರ್ ಟೂರ್: 1942ಕ್ಕೆ ಪೂರ್ತಿ ದಿನ, 1945ಕ್ಕೆ ಹತ್ತು ನಿಮಿಷ

ಮೊದಲು ಅಂಕ ಹೇಳಿಬಿಡುತ್ತೇನೆ. ದ್ವೀಪಕ್ಕೆ 5ಕ್ಕೆ 5. ಅದನ್ನು ತೋರಿಸಿದವರಿಗೆ 3, ಅದೂ ಗೈಡ್ ಮುಖ ನೋಡಿ. ಕಂಪನಿಯ ಹೆಸರು ಹಾಕುತ್ತಿಲ್ಲ, ಅಲ್ಲಿಗೆ ಜನರನ್ನು ಕರೆದೊಯ್ಯುವವರು ಬೇರೆಯವರೂ ಇದ್ದಾರೆ, ನನ್ನ ಒಂದು ದಿನದ ಅನುಭವಕ್ಕೆ ಯಾರ ಹೊಟ್ಟೆ ಮೇಲೂ ಹೊಡೆಯುವುದು ಬೇಡ.

ಫಿಲಿಪ್ಪೀನ್ಸ್‌ಗೆ ಹೋದವರು ಬೀಚು ನೋಡಿ ಬರುತ್ತಾರೆ, ಕೊರೆಗಿಡೋರ್ ಅಂದರೆ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಮನಿಲಾ ಕೊಲ್ಲಿಯ ಬಾಯಲ್ಲೇ ಕೂತಿರುವ ಬಂಡೆಯ ದ್ವೀಪ ಇದು. ಉದ್ದ ಸುಮಾರು ಆರೂವರೆ ಕಿಲೋಮೀಟರ್. ಮೇಲಿಂದ ನೋಡಿದರೆ ಥೇಟ್ ಗೊದಮೊಟ್ಟೆ: ದಪ್ಪ ತಲೆ ಪಶ್ಚಿಮಕ್ಕೆ, ಬಾಲ ಪೂರ್ವಕ್ಕೆ. ಇದು ಯಾರ ಕೈಯಲ್ಲಿದೆಯೋ ಅವರು ಬಿಟ್ಟರೆ ಮಾತ್ರ ಹಡಗು ಮನಿಲಾ ಬಂದರಿಗೆ ಹೋಗಬಹುದು. ಅದಕ್ಕೇ ಅಮೆರಿಕನ್ನರು ಇಲ್ಲಿ ಗುಡ್ಡ ಕೊರೆದು, ದೊಡ್ಡ ದೊಡ್ಡ ಫಿರಂಗಿ ಕೂರಿಸಿ ಕೋಟೆ ಮಾಡಿದ್ದರು. ಎರಡನೇ ಮಹಾಯುದ್ಧದಲ್ಲಿ, 1942ರ ಮೇ 6ರಂದು ಅದು ಜಪಾನಿಗೆ ಶರಣಾಯಿತು. 1945ರ ಫೆಬ್ರವರಿ 16ರಂದು ಅಮೆರಿಕನ್ನರು ವಾಪಸ್ ಹಿಡಿಯಲು ಬಂದರು, ಅದೂ ಆಕಾಶದಿಂದ. ನಾನು ದುಡ್ಡು ಕೊಟ್ಟಿದ್ದು ಈ ಎರಡನೇ ಕಥೆಗೆ. ಬ್ರೋಷರ್‌ನಲ್ಲಿ 'ಎರಡೂ ಯುದ್ಧಗಳು' ಅಂತ ದಪ್ಪಕ್ಷರದಲ್ಲೇ ಇತ್ತು.

ಬಟಾನ್‌ನ ಮರಿವೆಲೆಸ್ ಕಡೆಯಿಂದ ದೋಣಿ. ಹೊರಟಿದ್ದು ತಡ, ಯಾಕೆ ಅಂತ ಯಾರೂ ಹೇಳಲಿಲ್ಲ. ಸೀಟು ಒದ್ದೆ. ಇದೆಲ್ಲ ಸಹಿಸಬಹುದು, ಆದರೆ ಇಲ್ಲೇ ಮೊದಲ ಅವಕಾಶ ಕೈಬಿಟ್ಟರು ನೋಡಿ. 1945ರಲ್ಲಿ ಆಕಾಶದ ಜೊತೆಗೆ ಸಮುದ್ರದಿಂದಲೂ ಬಂದ ಅಮೆರಿಕನ್ ಪಡೆ, ಅಂದರೆ 34ನೇ ಇನ್‌ಫಂಟ್ರಿ ರೆಜಿಮೆಂಟಿನ 3ನೇ ಬೆಟಾಲಿಯನ್, ಹೊರಟಿದ್ದು ಇದೇ ಮರಿವೆಲೆಸ್‌ನಿಂದ. ಹಿಂದಿನ ದಿನವಷ್ಟೇ ಮರಿವೆಲೆಸ್ ಹಿಡಿದಿದ್ದರು. ದ್ವೀಪ ಕಣ್ಣೆದುರಿಗೇ ಇದೆ, ಪ್ರಯಾಣಿಕರೆಲ್ಲ ಖಾಲಿ ಕೂತಿದ್ದಾರೆ, ಮೈಕೂ ಇದೆ. ಒಂದು ಮಾತು ಹೇಳಬಾರದಾ? ಮೈಕ್‌ನಲ್ಲಿ ಬಂದಿದ್ದು ಊಟದ ಕೂಪನ್ ಸೂಚನೆ ಮಾತ್ರ.

ಇಳಿದ ಮೇಲೆ ಹಳೇ ಟ್ರಾಮ್ ಥರ ಕಾಣುವ ಬಸ್ಸು. ಪಕ್ಕ ಪೂರ್ತಿ ತೆರೆದಿರುತ್ತದೆ, ಗಾಳಿ ಚೆನ್ನಾಗಿ ಬರುತ್ತದೆ, ಫೋಟೋಕ್ಕೂ ಒಳ್ಳೆಯದು. ನಮ್ಮ ಗೈಡ್ ವಯಸ್ಸಾದವರು, ವಿಷಯ ಗೊತ್ತಿದ್ದವರು, ಜೋಕೂ ಹೊಡೆಯುತ್ತಾರೆ. ಮನುಷ್ಯ ಬಂಗಾರ. ತಪ್ಪು ಅವರದ್ದಲ್ಲ, ಅವರ ಕೈಗೆ ಕೊಟ್ಟ ಟೈಮ್‌ಟೇಬಲ್‌ನದ್ದು.

ಬೆಳಗ್ಗೆ ಪೂರ್ತಿ 1942. ಅಮೆರಿಕನ್ ಸೇನಾಧಿಪತಿ ಮ್ಯಾಕ್‌ಆರ್ಥರ್ ಮಾರ್ಚ್ 11ರ ರಾತ್ರಿ ಸಣ್ಣ ಟಾರ್ಪಿಡೊ ದೋಣಿ ಹತ್ತಿ ಹೋದ ಜಾಗ, ಅಲ್ಲಿ ಒಂದು ಪ್ರತಿಮೆ, ಎಲ್ಲರೂ ಕೈ ಎತ್ತಿ ಅದೇ ಪೋಸ್ ಕೊಟ್ಟು ಫೋಟೋ. ಆಮೇಲೆ ಫಿರಂಗಿಗಳು. ಬ್ಯಾಟರಿ ವೇ ಅನ್ನುವ ಕಡೆ 12 ಇಂಚಿನ ಮಾರ್ಟರ್‌ಗಳಿವೆ, ಇದನ್ನು ಮಾತ್ರ ಓಡಿಕೊಂಡು ನೋಡಬೇಡಿ. ಹತ್ತಿರ ಹೋಗಿ ಕಬ್ಬಿಣ ಮುಟ್ಟಿ. ದಪ್ಪ ಉಕ್ಕಿನ ಮೇಲೆ ಬಾಂಬಿನ ಚೂರು ಬಡಿದ ಗುಳಿಗಳಿವೆ, ಹೆಬ್ಬೆರಳು ಇಟ್ಟರೆ ಸರಿಯಾಗಿ ಕೂರುತ್ತದೆ, ಕೆಲವಕ್ಕೆ ಎರಡು ಬೆರಳು ಬೇಕು. ಗುಳಿಯ ಅಂಚು ಹೊರಗೆ ಉಬ್ಬಿ ಹಾಗೇ ನಿಂತಿದೆ. ಉಕ್ಕಿಗೇ ಹೀಗಾಗಿದ್ದರೆ ಪಕ್ಕದಲ್ಲಿ ನಿಂತಿದ್ದವರ ಗತಿ ಏನು ಅನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಲಿಂಟಾ ಸುರಂಗದಲ್ಲಿ ಬೆಳಕು-ಧ್ವನಿ ಪ್ರದರ್ಶನ ಇದೆ, ಅದಕ್ಕೆ ಟಿಕೆಟ್ ಬೇರೆಯಾ ಅಂತ ಮೊದಲೇ ಕೇಳಿಕೊಳ್ಳಿ. ಮುಖ್ಯ ಸುರಂಗ ಸುಮಾರು 250 ಮೀಟರ್, ಎರಡೂ ಪಕ್ಕಕ್ಕೆ ಕವಲುಗಳು. ಒಂದು ಕಾಲಕ್ಕೆ ಇಡೀ ಆಸ್ಪತ್ರೆ ಇದರೊಳಗಿತ್ತು. ಪ್ರದರ್ಶನ ಸ್ವಲ್ಪ ಹಳೇ ಕಾಲದ್ದು, ಬೊಂಬೆಗಳು, ಗಡುಸು ದನಿ. ನನಗೆ ಇಷ್ಟವಾಯಿತು, ಪಕ್ಕದ ಹುಡುಗನಿಗೆ ನಿದ್ದೆ ಬಂತು. ಸರಿ, ಅದು ಬಿಡಿ.

ಆಮೇಲೆ ಊಟ. ಬಫೆ. ಸಾಧಾರಣ. ಆದರೆ ಊಟಕ್ಕೆ ಒಂದು ಗಂಟೆಗಿಂತ ಜಾಸ್ತಿ! ಈ ಒಂದು ಗಂಟೆಯ ಮೇಲೇ ನನ್ನ ಸಿಟ್ಟು, ಯಾಕೆಂದರೆ ಊಟ ಮುಗಿಸಿ ಗುಡ್ಡದ ತಲೆ ಹತ್ತಿ ಪರೇಡ್ ಮೈದಾನಕ್ಕೆ ಬಂದಾಗ ಗೈಡ್ ಗಡಿಯಾರ ನೋಡಿ 'ಇಲ್ಲಿ ಹತ್ತು ನಿಮಿಷ' ಅಂದರು.

ಹತ್ತು ನಿಮಿಷ! ದ್ವೀಪವನ್ನು ವಾಪಸ್ ಹಿಡಿಯುವ ಕೆಲಸ ಶುರುವಾಗಿದ್ದೇ ಈ ಹುಲ್ಲಿನ ಮೇಲೆ ಅಲ್ವಾ?

ಇಲ್ಲಿ ನಿಂತರೆ ಮಾತ್ರ ಆ ಯೋಜನೆ ಎಷ್ಟು ಹುಚ್ಚು ಅಂತ ಗೊತ್ತಾಗುವುದು. ಸಮುದ್ರದಿಂದ 500 ಅಡಿಗೂ ಎತ್ತರದ ಸಣ್ಣ ಬಯಲು, ಹೆಚ್ಚೆಂದರೆ 300 ಮೀಟರ್ ಉದ್ದ. ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಕಡಿದಾದ ಪ್ರಪಾತ. ಪ್ಯಾರಾಚೂಟ್ ಪಡೆ ಇಳಿಯಲು ಇದ್ದದ್ದು ಇದು ಮತ್ತು ಪಕ್ಕದ ಒಂಬತ್ತು ಕುಳಿಯ ಪುಟ್ಟ ಗಾಲ್ಫ್ ಮೈದಾನ, ಅಷ್ಟೇ. ಸೈನಿಕರನ್ನು ಹೊತ್ತು ತಂದ ಸಿ-47 ವಿಮಾನ ಈ ಬಯಲಿನ ಮೇಲೆ ಇರುತ್ತಿದ್ದದ್ದು ಹೆಚ್ಚು ಕಡಿಮೆ ಆರು ಸೆಕೆಂಡು. ಸುಮ್ನೆ ಒಂದು ತುದಿಯಲ್ಲಿ ನಿಂತು ಆರು ಎಣಿಸಿ ನೋಡಿ. ಎಣಿಸಿ ಮುಗಿಯುವುದರೊಳಗೆ ಆರೆಂಟು ಜನ ಹಾರಬೇಕು, ಹಾರಿಲ್ಲದವರಿಗಾಗಿ ವಿಮಾನ ಸುತ್ತು ಹಾಕಿ ಮತ್ತೆ ಬರಬೇಕು. ಒಂದರ ಹಿಂದೆ ಒಂದು, ಎರಡು ಸಾಲು.

ಬೆಳಗ್ಗೆ ಎಂಟೂವರೆ ಹೊತ್ತಿಗೆ 503ನೇ ಪ್ಯಾರಾಚೂಟ್ ಪಡೆಯ ಮೊದಲ ತಂಡ ಹಾರಿತು. ಗಾಳಿ ಜೋರು, ಎಷ್ಟೋ ಜನ ಬಯಲು ದಾಟಿ ಪ್ರಪಾತದ ಕಡೆ ತೇಲಿಹೋದರು. ಪಡೆಯ ಮುಖ್ಯಸ್ಥ ಕರ್ನಲ್ ಜಾರ್ಜ್ ಜೋನ್ಸ್ ಮೇಲಿಂದಲೇ ನೋಡಿ, 600 ಅಡಿಯಿಂದ ಬೇಡ, ಇನ್ನೂ ಕೆಳಗೆ ಬನ್ನಿ ಅಂತ ಪೈಲಟ್‌ಗಳಿಗೆ ರೇಡಿಯೋದಲ್ಲಿ ಹೇಳಿದ. ಕೆಳಗೆ ಮೃದುವಾದ ಹುಲ್ಲೇನೂ ಇರಲಿಲ್ಲ. ಮೂರು ಸಾವಿರ ಟನ್‌ಗೂ ಜಾಸ್ತಿ ಬಾಂಬ್ ಬಿದ್ದ ನೆಲ: ಮುರಿದ ಮರದ ಮೊನೆಗಳು, ಕಾಂಕ್ರೀಟ್ ತುಂಡು, ತಗಡು. ಎರಡು ಸಾವಿರಕ್ಕೂ ಹೆಚ್ಚು ಜನ ಹಾರಿದರು, ಅವರಲ್ಲಿ ಸುಮಾರು 280 ಜನ ಸತ್ತರು ಇಲ್ಲವೇ ಗಾಯಗೊಂಡರು. ಮಾರನೇ ದಿನ ಹಾರಬೇಕಿದ್ದ ಬೆಟಾಲಿಯನ್ನನ್ನು ಇದೇ ಕಾರಣಕ್ಕೆ ಸಮುದ್ರದ ಕಡೆಯಿಂದ ಇಳಿಸಿದರು.

ಗಾಳಿಗೆ ದಾರಿ ತಪ್ಪಿದವರೇ ದೊಡ್ಡ ಕೆಲಸ ಮಾಡಿದ್ದು ಈ ಕಥೆಯ ತಮಾಷೆ. ಹಾಗೆ ತೇಲಿಹೋದ ಕೆಲವರು ಇಳಿದ ಜಾಗದ ಹತ್ತಿರವೇ ಜಪಾನಿ ಕಮಾಂಡರ್ ಅಕಿರಾ ಇಟಗಾಕಿ, ಬರುತ್ತಿದ್ದ ದೋಣಿಗಳನ್ನು ನೋಡುತ್ತಾ ನಿಂತಿದ್ದ. ಎಲ್ಲರ ಕಣ್ಣು ಸಮುದ್ರದ ಮೇಲೆ, ಇವರು ಬಂದಿದ್ದು ಬೆನ್ನ ಹಿಂದಿನಿಂದ. ಮೊದಲ ದಿನವೇ ಅವನು ಸತ್ತ. ದ್ವೀಪದಲ್ಲಿ 850 ಜಪಾನಿ ಸೈನಿಕರಿದ್ದಾರೆ ಅಂತ ಅಮೆರಿಕನ್ನರ ಲೆಕ್ಕ, ನಿಜಕ್ಕೂ ಇದ್ದದ್ದು ಸುಮಾರು 6,000. ತಲೆಯೇ ಹೋದ ಪಡೆ ಗುಹೆಗಳಲ್ಲಿ ಚದುರಿ ತುಂಡು ತುಂಡಾಗಿ ಹೋರಾಡಿತು. ಇಲ್ಲದಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು.

ಇದರಲ್ಲಿ ಮುಕ್ಕಾಲು ಪಾಲು ನಾನು ಮೊದಲೇ ಓದಿಕೊಂಡಿದ್ದೆ. ಟೂರ್‌ನಲ್ಲಿ ಬಂದಿದ್ದು 'ಇಲ್ಲಿ ಪ್ಯಾರಾಚೂಟ್‌ನಲ್ಲಿ ಇಳಿದರು, ಮಾರ್ಚ್ 2ಕ್ಕೆ ಮ್ಯಾಕ್‌ಆರ್ಥರ್ ಬಂದು ಬಾವುಟ ಹಾರಿಸಿದರು' ಅನ್ನುವ ಎರಡು ವಾಕ್ಯ. ಹಳೇ ಧ್ವಜಸ್ತಂಭ ಅಲ್ಲೇ ಇದೆ, ಸೆಲ್ಫಿ ತೆಗೆಯಲು ಅರ್ಧ ಜನ ಅದಕ್ಕೆ ಬೆನ್ನು ಹಾಕಿ ನಿಂತಿದ್ದರು. ಗೈಡನ್ನು ಪಕ್ಕಕ್ಕೆ ಕರೆದು ಗಾಲ್ಫ್ ಮೈದಾನ ಎಲ್ಲಿ ಅಂತ ಕೇಳಿದೆ. ಅವರ ಮುಖ ಅರಳಿತು. ನಡೆದುಕೊಂಡು ಹೋಗುತ್ತಲೇ ದಿಕ್ಕು ತೋರಿಸಿ, ವಿಮಾನ ಯಾವ ಕಡೆಯಿಂದ ಬಂತು, ಗಾಳಿ ಯಾವ ಕಡೆಗೆ ಅಂತ ಕೈಯಾಡಿಸಿ ಹೇಳಿದರು. ಅಷ್ಟರಲ್ಲಿ ಬಸ್ಸಿನ ಹಾರ್ನ್. ಅಂದರೆ ಹೇಳುವವರು ಇದ್ದಾರೆ, ಹೇಳಲು ಬಿಡುವುದಿಲ್ಲ.

ದ್ವೀಪದ ಬಾಲದ ಕಡೆ ಇನ್ನೂ ಅನ್ಯಾಯ. ಫೆಬ್ರವರಿ 26ರಂದು ಮಂಕಿ ಪಾಯಿಂಟ್ ಹತ್ತಿರ ನೆಲದಡಿಯ ಸುರಂಗದಲ್ಲಿದ್ದ ಮದ್ದುಗುಂಡನ್ನು ಜಪಾನಿಯರು ಸಿಡಿಸಿದರು. ಸುಮಾರು 50 ಅಮೆರಿಕನ್ನರು ಒಂದೇ ಏಟಿಗೆ ಸತ್ತರು, ಷರ್ಮನ್ ಟ್ಯಾಂಕ್ ಗಾಳಿಯಲ್ಲಿ ಎಗರಿ ಬಿತ್ತು. ಗುಡ್ಡದ ಒಳಗಿದ್ದ ಜಪಾನಿಯರಂತೂ ಲೆಕ್ಕಕ್ಕೇ ಸಿಗಲಿಲ್ಲ. ಅಲ್ಲಿಗೆ ದೊಡ್ಡ ಹೋರಾಟ ಮುಗಿಯಿತು. ನಮ್ಮ ಬಸ್ಸು ಆ ಕಡೆ ತಿರುಗಲೇ ಇಲ್ಲ. ಫಿಲಿಪಿನೋ ವೀರರ ಸ್ಮಾರಕದಲ್ಲಿ ನಿಂತೆವು, ಜಪಾನಿ ಶಾಂತಿ ಉದ್ಯಾನದ ಮುಂದೆ ನಿಧಾನ ಮಾಡಿದರು, ಅಷ್ಟೇ. ಆರು ಸಾವಿರದಲ್ಲಿ ಜೀವಂತ ಸೆರೆ ಸಿಕ್ಕವರು ಬೆರಳೆಣಿಕೆ. ಇನ್ನೊಂದಿಪ್ಪತ್ತು ಜನ ಯುದ್ಧ ಮುಗಿದ ಮೇಲೂ ಅಡಗಿದ್ದು, 1946ರ ಜನವರಿ 1ರಂದು ಹೊರಗೆ ಬಂದು ಶರಣಾದರು. ಆ ಉದ್ಯಾನಕ್ಕೆ ಬಸ್ಸಿನ ಕಿಟಕಿಯಿಂದ ಒಂದು ನೋಟ ಸಾಕಾ? ಗೆದ್ದವರ ಕಥೆ ಹೇಳುವಾಗ ಸೋತವರನ್ನು ಬಸ್ಸು ನಿಲ್ಲಿಸದೆ ದಾಟಬಾರದು, ಇದು ನನ್ನ ಅಭಿಪ್ರಾಯ.

ಹಾಗಂತ ಹೋಗಬೇಡಿ ಅನ್ನುತ್ತಿಲ್ಲ. ಖಂಡಿತ ಹೋಗಿ. ಬ್ಯಾರಕ್‌ಗಳ ಅವಶೇಷ, ಛಾವಣಿ ಇಲ್ಲದ ಸಿನಿಮಾ ಮಂದಿರ, ಕಾಡು ನುಂಗುತ್ತಿರುವ ಕಾಂಕ್ರೀಟು, ಇವನ್ನೆಲ್ಲ ಪಾಲಿಶ್ ಮಾಡದೆ ಹಾಗೇ ಬಿಟ್ಟಿರುವುದೇ ಈ ಜಾಗದ ದೊಡ್ಡ ಗುಣ. ಮಿನುಗುವ ಮ್ಯೂಸಿಯಂ ಬೇಕು ಅನ್ನುವವರಿಗೆ ಇದು ಹಿಡಿಸಲಿಕ್ಕಿಲ್ಲ.

ಹೋಗುವವರಿಗೆ ಒಂದೆರಡು ಮಾತು. ದೋಣಿ ಯಾವ ಕಡೆಯಿಂದ, ಯಾವ ದಿನ ಅನ್ನುವುದು ಬದಲಾಗುತ್ತಿರುತ್ತದೆ, ಹಳೇ ಬರಹ ನಂಬಿ ಹೊರಡಬೇಡಿ. ಗಟ್ಟಿ ಶೂ ಹಾಕಿ, ಟಾರ್ಚ್ ಇರಲಿ, ನೀರು ಜಾಸ್ತಿ ಇರಲಿ. ನಾಲ್ಕೈದು ಜನ ಇದ್ದರೆ ದೊಡ್ಡ ಗ್ರೂಪ್ ಬಿಟ್ಟು ಗೈಡನ್ನು ಪ್ರತ್ಯೇಕವಾಗಿ ಗೊತ್ತುಮಾಡಿಕೊಳ್ಳಿ. ದುಡ್ಡು ಜಾಸ್ತಿಯಾದರೂ ಸಮಯ ನಿಮ್ಮದಾಗುತ್ತದೆ. ಗ್ರೂಪಿನಲ್ಲೇ ಹೋಗುವುದಾದರೆ ಬೆಳಗ್ಗೆ ಬಸ್ ಹತ್ತುವಾಗಲೇ ಗೈಡ್‌ಗೆ ಹೇಳಿಬಿಡಿ: ಪ್ರತಿಮೆ ಹತ್ತಿರ ನಾವು ಇಳಿಯುವುದಿಲ್ಲ, ಊಟ ಅರ್ಧ ಗಂಟೆಯಲ್ಲಿ ಮುಗಿಸುತ್ತೇವೆ, ಉಳಿದ ಸಮಯವೆಲ್ಲ ಮೇಲಿನ ಮೈದಾನಕ್ಕೆ ಕೊಡಿ.